ನಮ್ಮ ಮನೆಯಲ್ಲಿ ವರ್ಷಕ್ಕೆ ಹದಿಮೂರು ತಿಂಗಳು

ಕಳೆದ ಮಳೆಗಾಲದ ಮಾತು. ಎರಡು ದಿನದಿಂದ ಬಿಡದೆ ಸುರಿದು, ಶಾಲೆಗಳಿಗೆಲ್ಲ ಮಳೆ ರಜೆ ಕೊಟ್ಟಿದ್ದರು. ಏಳನೇ ತರಗತಿಯಲ್ಲಿರುವ ನನ್ನ ಮೊಮ್ಮಗಳು ಪುಟ್ಟಿ ಒಲೆಯ ಪಕ್ಕ ಮಣೆ ಎಳೆದುಕೊಂಡು, ಗಣಿತದ ಟೀಚರ್ ಕೊಟ್ಟ ಮನೆಗೆಲಸ ಬರೆಯುತ್ತಿದ್ದಳು. ‘ನಿಮ್ಮ ಮನೆಯ ಒಂದು ತಿಂಗಳ ಖರ್ಚಿನ ಪಟ್ಟಿ ಮಾಡಿ, ವರ್ಷಕ್ಕೆ ಎಷ್ಟಾಗುತ್ತದೆ ಲೆಕ್ಕ ಹಾಕಿ’ ಎಂಬುದು ಪ್ರಶ್ನೆ. ಅಕ್ಕಿ, ಎಣ್ಣೆ, ಗ್ಯಾಸ್, ಕರೆಂಟು, ಬಸ್ ಚಾರ್ಜು ಎಲ್ಲ ಆಯಿತು.

“ಅಜ್ಜಿ, ಫೋನಿಗೆ ತಿಂಗಳಿಗೆ ಎಷ್ಟು?”

“ಕರೆನ್ಸಿಗಾ? ಅದೇನು ಮಹಾ! ಇನ್ನೂರೋ ಮುನ್ನೂರೋ ಬರ್ಕೋ.”

ಪುಟ್ಟಿ ನನ್ನ ಮಾತು ಬರೆದುಕೊಳ್ಳಲಿಲ್ಲ. ಅಪ್ಪನನ್ನು ಕೇಳಿದಳು, ಅಮ್ಮನನ್ನು ಕೇಳಿದಳು, ಮೈಸೂರಿನ ಹಾಸ್ಟೆಲಿನಲ್ಲಿರುವ ಅಣ್ಣನಿಗೆ ಫೋನು ಮಾಡಿದಳು. ನನ್ನ ಬಟನ್ ಫೋನನ್ನೂ ತೆಗೆದುಕೊಂಡು ಹೋಗಿ, ರೀಚಾರ್ಜ್ ಆದಾಗ ಬಂದ ಹಳೆಯ ಮೆಸೇಜುಗಳನ್ನೆಲ್ಲ ತೆರೆದು ತಾರೀಖು ಬರೆದುಕೊಂಡಳು. ಅರ್ಧ ಗಂಟೆ ಬಿಟ್ಟು ಬಂದವಳು ಕಣ್ಣರಳಿಸಿ ಹೇಳಿದಳು: “ಅಜ್ಜಿ, ನಮ್ಮ ಮನೆಯಲ್ಲಿ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ತಿಂಗಳು!”

ನಾನು ನಕ್ಕೆ. ಆದರೆ ಅವಳು ಹೇಳಿದ್ದು ಸರಿಯಾಗಿತ್ತು. ನಾವು ‘ತಿಂಗಳ ಪ್ಯಾಕ್’ ಎಂದು ಹಾಕಿಸಿಕೊಳ್ಳುತ್ತಿದ್ದುದು 28 ದಿನದ್ದು. 28ನ್ನು 13ರಿಂದ ಗುಣಿಸಿದರೆ 364. ಅಂದರೆ ಕ್ಯಾಲೆಂಡರಿನ ಒಂದು ವರ್ಷ ಮುಗಿಯುವಷ್ಟರಲ್ಲಿ ನಾವು ಹದಿಮೂರು ಸಲ ಅಂಗಡಿಯ ಮುಂದೆ ನಿಂತಿರುತ್ತೇವೆ. ಪ್ರತಿ ಸಲವೂ ಎರಡು ಮೂರು ದಿನ ಮುಂಚೆಯೇ ಬರುವುದರಿಂದ ‘ಮೊನ್ನೆಯಷ್ಟೇ ಹಾಕಿಸಿದ್ದೆನಲ್ಲ’ ಎಂದು ನನಗೆ ಅನ್ನಿಸುತ್ತಿದ್ದುದು ಮರೆವಿನಿಂದಲ್ಲ ಎಂದು ತಿಳಿದು ಸ್ವಲ್ಪ ಸಮಾಧಾನವೂ ಆಯಿತು!

ನಾಲ್ಕು ಜನ, ಐದು ಸಿಮ್

ಪುಟ್ಟಿಯ ಪುಸ್ತಕದ ಪಟ್ಟಿ ಹೀಗಿತ್ತು. ಎಲ್ಲವೂ 28 ದಿನದ ಲೆಕ್ಕ.

ಅಪ್ಪ – 349 ರೂ.
ಅಮ್ಮ – 299 ರೂ.
ಅಣ್ಣ – 349 ರೂ.
ಅಜ್ಜಿ – 299 ರೂ.
ಅಜ್ಜ – 199 ರೂ.
ಒಟ್ಟು – 1,495 ರೂ. ಹದಿಮೂರು ಸಲಕ್ಕೆ – 19,435 ರೂ.

ಹತ್ತೊಂಬತ್ತು ಸಾವಿರ! ಕಾಫಿ ತೋಟದ ಮನೆಯಲ್ಲಿ ಇದ್ದಕ್ಕಿದ್ದಂತೆ ಹತ್ತೊಂಬತ್ತು ಸಾವಿರ ಬೇಕೆಂದರೆ ಯಾರ ಹತ್ತಿರ ಕೇಳುವುದು ಎಂದು ರಾತ್ರಿಯಿಡೀ ಯೋಚಿಸಬೇಕು. ಇಲ್ಲಿ ಅದೇ ಮೊತ್ತ ಇನ್ನೂರು, ಮುನ್ನೂರು ಎಂದು ಸದ್ದಿಲ್ಲದೆ ಹರಿದು ಹೋಗುತ್ತಿತ್ತು.

ಪುಟ್ಟಿ ಐದನೆಯ ಸಾಲಿನ ಮೇಲೆ ಪೆನ್ಸಿಲ್ ಇಟ್ಟುಕೊಂಡೇ ನನ್ನ ಮುಖ ನೋಡಿದಳು. “ಅಜ್ಜಿ, ಅಜ್ಜನ ಫೋನಿಗೂ ಹಾಕಿಸ್ತೀಯಾ?”

ನಾನು ಒಲೆಯ ಕಡೆ ತಿರುಗಿ ಸೌದೆ ಸರಿಮಾಡಿದೆ. ಅವಳ ಅಜ್ಜ ತೀರಿಕೊಂಡು ಆಗ ಮೂರು ವರ್ಷ. ಅವರ ಫೋನು ಕೋಣೆಯ ಕಪಾಟಿನಲ್ಲಿ ಚಾರ್ಜರಿನ ಪಕ್ಕದಲ್ಲೇ ಇತ್ತು. ಶುಕ್ರವಾರ ಮಡಿಕೇರಿ ಸಂತೆಗೆ ಹೋದಾಗ ನನ್ನದಕ್ಕೆ ಹಾಕಿಸುವಾಗಲೆಲ್ಲ ಅದಕ್ಕೂ ಹಾಕಿಸಿ ಬರುತ್ತಿದ್ದೆ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮಗ ಬಾಗಿಲ ಬಳಿ ನಿಂತಿದ್ದವನು ಮೆಲ್ಲಗೆ, “ಇರಲಿ ಅವ್ವ, ಅದನ್ನು ಕಡೆಗೆ ನೋಡೋಣ” ಎಂದ.

ಹಾಗಾಗಿ ನಾನೂ ಅದನ್ನು ಕಡೆಗೇ ಹೇಳುತ್ತೇನೆ.

ಒಂದು ರಿಂಗಿಗೆ ಒಂದು ಅರ್ಥ

ಮಕ್ಕಳೇ, ನಿಮಗೆ ನಂಬಲು ಕಷ್ಟವಾಗಬಹುದು. ನಮ್ಮ ಕಾಲದಲ್ಲಿ ಫೋನಿನಲ್ಲಿ ಮಾತಾಡದೆಯೇ ಮಾತಾಡುತ್ತಿದ್ದೆವು. ಭಾರತದಲ್ಲಿ ಮೊದಲ ಮೊಬೈಲ್ ಕರೆ ಆದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಂ ಅವರೊಂದಿಗೆ ಮಾತಾಡಿದರು. ಆ ದಿನಗಳಲ್ಲಿ ಒಂದು ನಿಮಿಷದ ಮಾತಿಗೆ 16 ರೂಪಾಯಿಯವರೆಗೂ ಆಗುತ್ತಿತ್ತು. ಕರೆ ಮಾಡಿದವರಿಗಷ್ಟೇ ಅಲ್ಲ, ಎತ್ತಿದವರಿಗೂ ದುಡ್ಡು! ಬಂದ ಕರೆ ಪುಕ್ಕಟೆಯಾದದ್ದು 2003ರಲ್ಲಿ.

ಪುಟ್ಟಿಯ ಅಜ್ಜ ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದವರು. 2004ರಲ್ಲಿ ಮೊಬೈಲ್ ಕೊಂಡರು. ನಮ್ಮ ಮನೆ ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ದಾರಿಯಲ್ಲಿ, ಮದೆನಾಡಿನ ಕಡೆ, ರಸ್ತೆಯಿಂದ ಕೆಳಗೆ ಇಳಿಜಾರಿನಲ್ಲಿದೆ. ಮನೆಯಲ್ಲಿ ಲ್ಯಾಂಡ್‌ಲೈನ್ ಇತ್ತು. ಅವರು ಪೇಟೆಗೆ ಹೋದರೆ ಮನೆಯ ಫೋನಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದರು. ಒಂದು ರಿಂಗ್ ಎಂದರೆ ‘ಬಸ್ ಹತ್ತಿದೆ, ನೀರು ಕಾಯಿಸು’. ಎರಡು ರಿಂಗ್ ಎಂದರೆ ‘ಸಾಮಾನು ಜಾಸ್ತಿ ಇದೆ, ರಸ್ತೆಗೆ ಯಾರನ್ನಾದರೂ ಕಳಿಸು’. ಮೂರು ರಿಂಗ್ ಆದರೆ ಮಾತ್ರ ನಾನು ಎತ್ತಬೇಕು. ಒಂದು ಪೈಸೆ ಖರ್ಚಿಲ್ಲದೆ ಮನೆ ನಡೆಯುತ್ತಿತ್ತು.

ಆಮೇಲೆ ‘ಲೈಫ್‌ಟೈಮ್’ ಸಿಮ್‌ಗಳು ಬಂದವು. ಒಮ್ಮೆ ದುಡ್ಡು ಕಟ್ಟಿದರೆ ಆಯಿತು, ಬರುವ ಕರೆಗೆ ಮತ್ತೇನೂ ಹಾಕಿಸಬೇಕಾಗಿಲ್ಲ ಎಂದು ನಾವೆಲ್ಲ ನಂಬಿದ್ದೆವು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು. ಮಾತು ಅಗ್ಗವಾಯಿತು, ನೆಟ್ ಅದಕ್ಕಿಂತ ಅಗ್ಗವಾಯಿತು. ಆದರೆ 2018ರ ಕೊನೆಯಲ್ಲಿ ಕಂಪನಿಗಳು ತಿಂಗಳಿಗೆ ಇಷ್ಟಾದರೂ ಹಾಕಿಸಲೇಬೇಕು ಎಂಬ ಪದ್ಧತಿ ತಂದವು. 2019ರ ಡಿಸೆಂಬರ್, 2021ರ ನವೆಂಬರ್, 2024ರ ಜುಲೈ – ಮೂರು ಸಲ ದರ ಏರಿತು. ನಿಮಿಷಕ್ಕೆ ದುಡ್ಡು ಕೊಡುತ್ತಿದ್ದ ನಾವು ಈಗ ದಿನಕ್ಕೆ ಕೊಡುತ್ತಿದ್ದೇವೆ. ಒಂದು ಮಾತೂ ಆಡದಿದ್ದರೂ ದಿನ ಕಳೆದರೆ ದುಡ್ಡು ಕಳೆಯುತ್ತದೆ. ಹಾಗಾಗಿ ಮಿಸ್ಡ್ ಕಾಲಿನ ಜಾಣತನ ಇಂದು ನಡೆಯುವುದಿಲ್ಲ. ಬೇರೆ ಜಾಣತನ ಬೇಕು.

ಕುಡಿಯುವವರಿಲ್ಲದ ಹಾಲು

ಮಗ ಪುಟ್ಟಿಗೆ ಒಂದು ಮಾತು ಹೇಳಿದ: “ಅಗ್ಗದ ಪ್ಯಾಕ್ ಯಾವುದು ಎಂದು ಆಮೇಲೆ ಹುಡುಕು. ಮೊದಲು ಯಾರು ಏನು ಬಳಸ್ತೇವೆ ಅಂತ ಬರಿ.” ನಮ್ಮ ಇಡೀ ಉಳಿತಾಯ ನಿಂತದ್ದು ಈ ಒಂದು ಮಾತಿನ ಮೇಲೆ.

ಮೊದಲು ಸಿಕ್ಕಿಬಿದ್ದವಳು ನಾನೇ. ನನ್ನದು ಬಟನ್ ಫೋನ್. ತಂಗಿಗೆ, ನಾದಿನಿಗೆ, ಮೊಮ್ಮಗನಿಗೆ ಮಾತಾಡುವುದು ಬಿಟ್ಟರೆ ಅದರಲ್ಲಿ ನಾನು ಬೇರೇನೂ ಮಾಡುವುದಿಲ್ಲ. ಆದರೆ ಅಂಗಡಿಯ ಹುಡುಗ ಎಲ್ಲರಿಗೂ ಹಾಕುವಂತೆ ನನಗೂ ದಿನಕ್ಕೆ ಒಂದೂವರೆ ಜಿಬಿ ನೆಟ್ ಇರುವ 299ರ ಪ್ಯಾಕ್ ಹಾಕುತ್ತಿದ್ದ. ಆ ನೆಟ್ ಆ ದಿನಕ್ಕಷ್ಟೇ. ರಾತ್ರಿ ಹನ್ನೆರಡಕ್ಕೆ ಉಳಿದದ್ದೆಲ್ಲ ಹೋಯಿತು, ಮರುದಿನ ಹೊಸದು. ಪುಟ್ಟಿ ಹೇಳಿದಳು: “ಅಜ್ಜಿ, ನೀನು ದಿನಾ ಒಂದೂವರೆ ಲೀಟರ್ ಹಾಲು ತರಿಸಿ ರಾತ್ರಿ ಚರಂಡಿಗೆ ಸುರಿದ ಹಾಗೆ!” ಹಾಲು ಚೆಲ್ಲಿದರೆ ಬೈಯುವ ಅಜ್ಜಿಗೆ ಅದಕ್ಕಿಂತ ಚೆನ್ನಾಗಿ ಯಾರೂ ಬುದ್ಧಿ ಹೇಳಲಾರರು.

ನನ್ನಂಥವರು ದೇಶದ ತುಂಬ ಇದ್ದಾರೆ. ಅದಕ್ಕೇ ಟ್ರಾಯ್, ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, 2024ರ ಡಿಸೆಂಬರ್ 23ರಂದು ಒಂದು ನಿಯಮ ತಂದಿತು. ನೆಟ್ ಬೇಡದವರಿಗಾಗಿ ಮಾತು ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕನ್ನು ಕಂಪನಿಗಳು ಪ್ರತ್ಯೇಕವಾಗಿ ಕೊಡಲೇಬೇಕು. ಅಂಥ ಪ್ಯಾಕಿನ ಅವಧಿ 365 ದಿನದವರೆಗೂ ಇರಬಹುದು. ಅದರಂತೆ 2025ರ ಜನವರಿಯಲ್ಲಿ ಏರ್‌ಟೆಲ್ 84 ದಿನಕ್ಕೆ 469 ರೂ. ಮತ್ತು 365 ದಿನಕ್ಕೆ 1,849 ರೂ. ಪ್ಯಾಕುಗಳನ್ನು, ಜಿಯೊ 84 ದಿನಕ್ಕೆ 448 ರೂ. ಮತ್ತು 336 ದಿನಕ್ಕೆ 1,748 ರೂ. ಪ್ಯಾಕುಗಳನ್ನು ತಂದವು. ದರಗಳು ಬದಲಾಗುತ್ತಲೇ ಇರುತ್ತವೆ. ನೀವು ಹಾಕಿಸುವ ದಿನ ಏನಿದೆ ಎಂದು ಕೇಳಿಯೇ ಹಾಕಿಸಿ. ಆದರೆ ಇಂಥ ಪ್ಯಾಕ್ ಇದೆ ಎಂಬುದು ಗೊತ್ತಿದ್ದರೆ ತಾನೇ ಕೇಳುವುದು? ನಾನು ಬಾಯಿಬಿಟ್ಟು ಕೇಳುವ ತನಕ ನನಗೆ ಯಾರೂ ಹೇಳಿರಲಿಲ್ಲ.

ಒಂದು ಅನುಮಾನವಿತ್ತು: ನೆಟ್ ಇಲ್ಲದಿದ್ದರೆ ಬ್ಯಾಂಕಿನ ಒಟಿಪಿ ಬರುತ್ತದೆಯೇ? ಬರುತ್ತದೆ. ಅದು ಎಸ್‌ಎಂಎಸ್‌ನಲ್ಲಿ ಬರುವಂಥದು, ಅದಕ್ಕೆ ನೆಟ್ ಬೇಕಿಲ್ಲ.

ಆಮೇಲೆ ಮೊಮ್ಮಗನ ಸರದಿ. ಹಾಸ್ಟೆಲಿನಲ್ಲಿ ವೈಫೈ, ಕಾಲೇಜಿನಲ್ಲಿ ವೈಫೈ. ಪುಟ್ಟಿಯ ಒತ್ತಾಯಕ್ಕೆ ಅವನು ಫೋನಿನ ಸೆಟ್ಟಿಂಗ್ಸ್ ತೆರೆದು, ಸಿಮ್‌ನಿಂದ ತಿಂಗಳಿಗೆ ಎಷ್ಟು ನೆಟ್ ಖರ್ಚಾಗಿದೆ ಎಂದು ನೋಡಿದ. ಎರಡು ಜಿಬಿಯೂ ದಾಟಿರಲಿಲ್ಲ! ಎರಡು ಮೂರು ದಿನ ಗೊಣಗಿ, ಇಡೀ ಅವಧಿಗೆ ಎರಡು ಜಿಬಿ ಇರುವ 199ರ ಪ್ಯಾಕಿಗೆ ಬಂದ.

ಮಗನಿಗೆ ನೆಟ್ ಬೇಕೇ ಬೇಕು. ಕಾಫಿ, ಕರಿಮೆಣಸಿನ ಪೇಟೆ ಧಾರಣೆ ನೋಡುವುದು, ಕೆಲಸದವರಿಗೆ ದುಡ್ಡು ಹಾಕುವುದು ಎಲ್ಲ ಅದರಲ್ಲೇ. ಅವನು ಪ್ಯಾಕ್ ಕಿರಿದು ಮಾಡಲಿಲ್ಲ, ಉದ್ದ ಮಾಡಿದ. 28 ದಿನಕ್ಕೆ 349ರಂತೆ ಮೂರು ಸಲ ಹಾಕಿಸಿದರೆ 1,047 ರೂ.; ಅದರ ಬದಲು 84 ದಿನದ್ದು ಒಂದೇ ಸಲಕ್ಕೆ 859 ರೂ.

ಸೊಸೆಯ ಪ್ಯಾಕನ್ನು ಮುಟ್ಟಲಿಲ್ಲ. ಪುಟ್ಟಿಯ ಪಾಠಕ್ಕೂ ಅದೇ ಫೋನು, ಸ್ವಸಹಾಯ ಸಂಘದ ಲೆಕ್ಕಕ್ಕೂ ಅದೇ ಫೋನು. ಉಪಯೋಗಿಸುವುದಕ್ಕೆ ದುಡ್ಡು ಕೊಡುವುದು ದುಂದಲ್ಲ. ಅದಲ್ಲದೆ ಅವಳಿಗೆ ಹಿಂದೊಮ್ಮೆ ಪಾಠ ಆಗಿತ್ತು.

ಅಗ್ಗದ ಸಿಮ್, ಮೂರು ತಿಂಗಳ ಕೊಡೆ

ಎರಡು ವರ್ಷದ ಹಿಂದೆ ಸೊಸೆ ಯಾರದೋ ಮಾತು ಕೇಳಿ, ದರ ಕಡಿಮೆ ಎಂದು ಬೇರೆ ಕಂಪನಿಗೆ ಪೋರ್ಟ್ ಆದಳು. ಅದೇನೂ ಕಷ್ಟದ ಕೆಲಸವಲ್ಲ. ಫೋನಿನಿಂದ PORT ಎನ್ನುವ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಮ್ಮ ನಂಬರ್ ಬರೆದು 1900ಕ್ಕೆ ಮೆಸೇಜ್ ಕಳಿಸಿದರೆ ಒಂದು ಸಂಕೇತ ಬರುತ್ತದೆ. ಅದನ್ನು ಹೊಸ ಕಂಪನಿಯ ಅಂಗಡಿಯಲ್ಲಿ ಕೊಟ್ಟರೆ ನಂಬರ್ ಅದೇ ಉಳಿದು ಕಂಪನಿ ಮಾತ್ರ ಬದಲಾಗುತ್ತದೆ. ಈ ಸೌಲಭ್ಯ ದೇಶಕ್ಕೆಲ್ಲ ಬಂದದ್ದು 2011ರ ಜನವರಿಯಲ್ಲಿ.

ಮಡಿಕೇರಿ ಪೇಟೆಯಲ್ಲಿ ಆ ಸಿಮ್ ಚೆನ್ನಾಗಿಯೇ ಇತ್ತು. ಮನೆಯ ಇಳಿಜಾರಿಗೆ ಬಂದರೆ ಒಂದು ಕಡ್ಡಿಯೂ ರೇಂಜ್ ಇಲ್ಲ! ತಪ್ಪಾಯಿತೆಂದು ಮರಳಿ ಪೋರ್ಟ್ ಆಗೋಣವೆಂದರೆ, ಒಮ್ಮೆ ಪೋರ್ಟ್ ಆದ ನಂಬರ್ ಮತ್ತೆ ಪೋರ್ಟ್ ಆಗಲು 90 ದಿನ ಕಾಯಬೇಕು. ಅದೂ ಜೂನ್ ತಿಂಗಳು. ಆ ಮಳೆಗಾಲ ಪೂರ್ತಿ ಸೊಸೆ ಒಂದು ಮೆಸೇಜ್ ಕಳಿಸಬೇಕಾದರೂ ಕೊಡೆ ಹಿಡಿದು ಮೇಲಿನ ಮೋರಿಯವರೆಗೆ ಹತ್ತಿ, ಕಾಲಿಗೆ ಹತ್ತಿದ ಜಿಗಣೆ ಕಿತ್ತುಕೊಳ್ಳುತ್ತ ನಿಲ್ಲುತ್ತಿದ್ದಳು. ಉಳಿದದ್ದು ತಿಂಗಳಿಗೆ ಐವತ್ತು ರೂಪಾಯಿಯೂ ಇಲ್ಲ.

ಅದರಿಂದ ನಮ್ಮ ಮನೆಯಲ್ಲೊಂದು ನಿಯಮವಾಯಿತು. ಕೊಡಗಿನಲ್ಲಿ ಮೊದಲು ರೇಂಜ್, ಆಮೇಲೆ ರೇಟು. ಕಂಪನಿ ಬದಲಾಯಿಸುವ ಮುಂಚೆ ಆ ಕಂಪನಿಯ ಸಿಮ್ ಇರುವ ನೆಂಟರು ಬಂದಾಗ ಅವರ ಫೋನು ಹಿಡಿದು ಅಡುಗೆಮನೆ, ಅಟ್ಟ, ಕಣ, ತೋಟ ಎಲ್ಲ ಕಡೆ ನಡೆದು ನೋಡಬೇಕು. ಉದ್ದದ ಪ್ಯಾಕ್ ಹಾಕಿಸುವ ಮುಂಚೆಯಂತೂ ನೋಡಲೇಬೇಕು. ಮಧ್ಯದಲ್ಲಿ ಕಂಪನಿ ಬದಲಾಯಿಸಿದರೆ ಉಳಿದ ದಿನಗಳ ದುಡ್ಡು ಹಿಂದೆ ಬರುವುದಿಲ್ಲ. ಇನ್ನೊಂದು: ಮನೆಯ ಎಲ್ಲರೂ ಒಂದೇ ಕಂಪನಿಯಲ್ಲಿ ಇರಬೇಡಿ. ಮಳೆಗೆ ಮರ ಬಿದ್ದು ಕರೆಂಟ್ ಹೋಗಿ ಒಂದು ಟವರ್ ಮಲಗಿದರೆ ಇನ್ನೊಂದಾದರೂ ಎದ್ದಿರಬಹುದು. ಆಪತ್ತಿನ ಕಾಲಕ್ಕೆ ಕರೆ ಹೋಗದ ಫೋನು ಎಷ್ಟು ಅಗ್ಗವಾದರೂ ದುಬಾರಿಯೇ.

ಈ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ.

ಅಜ್ಜನ ನಂಬರ್

2018ರ ಆಗಸ್ಟ್ ತಿಂಗಳನ್ನು ಕೊಡಗಿನವರು ಯಾರೂ ಮರೆಯುವುದಿಲ್ಲ. ಗುಡ್ಡಗಳು ಜಾರಿದವು, ಮನೆಗಳು ಹೋದವು, ಜೀವಗಳು ಹೋದವು. ಜೋಡುಪಾಲದಲ್ಲಿ ಗುಡ್ಡ ಕುಸಿದು ಮಡಿಕೇರಿಯಿಂದ ಸಂಪಾಜೆಗೆ ಹೋಗುವ ಹೆದ್ದಾರಿ ಮುಚ್ಚಿತು. ನನ್ನ ತಂಗಿಯನ್ನು ಕೊಟ್ಟದ್ದು ಸುಳ್ಯಕ್ಕೆ. ಘಟ್ಟ ಇಳಿದರೆ ಅವಳ ಮನೆ. ಆದರೆ ಇಳಿಯಲು ದಾರಿಯೇ ಇಲ್ಲ. ಕರೆಂಟ್ ಇಲ್ಲ, ಲ್ಯಾಂಡ್‌ಲೈನ್ ಸತ್ತಿದೆ, ಮೊಬೈಲಿಗೆ ರೇಂಜ್ ಇಲ್ಲ. ನಾವು ಬದುಕಿದ್ದೇವೋ ಇಲ್ಲವೋ ಎಂದು ಅವಳಿಗೆ ಗೊತ್ತಿಲ್ಲ.

ಮೂರನೆಯ ದಿನ ನಮ್ಮ ಮನೆಯವರು ಹಳೆಯ ಗಂಬೂಟು ಹಾಕಿಕೊಂಡು, ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲಿನ ದಿಣ್ಣೆ ಹತ್ತಿದರು. ಒಂದು ಕಡ್ಡಿ ರೇಂಜ್ ಸಿಕ್ಕಿತಂತೆ. “ನಾವೆಲ್ಲ ಇದ್ದೇವೆ, ಹೆದರ್ಬೇಡ” – ಅಷ್ಟು ಹೇಳುವಷ್ಟರಲ್ಲಿ ಕರೆ ಕಡಿಯಿತು. ಅಷ್ಟೇ ಸಾಕಾಗಿತ್ತು. ತಂಗಿ ಆ ದಿನದ ಮಾತು ಬಂದಾಗಲೆಲ್ಲ ಇವತ್ತಿಗೂ ಕಣ್ಣು ಒರೆಸಿಕೊಳ್ಳುತ್ತಾಳೆ.

ಆ ನಂಬರನ್ನು ನಾನು ಹೇಗೆ ಬಿಡಲಿ?

ಬಿಡದಿರಲು ಬೇರೆ ಕಾರಣಗಳೂ ಇದ್ದವು ಎಂದು ಪುಟ್ಟಿ ಪಟ್ಟಿ ಮಾಡುವಾಗಲೇ ನಮಗೆ ಹೊಳೆದದ್ದು. ನಮ್ಮಿಬ್ಬರ ಬ್ಯಾಂಕಿನ ಜಂಟಿ ಖಾತೆ, ಗ್ಯಾಸ್ ಬುಕಿಂಗ್, ಕರೆಂಟ್ ಬಿಲ್ಲು ಎಲ್ಲವೂ ಆ ನಂಬರಿಗೇ ಜೋಡಿಸಿದ್ದವು. ಅದನ್ನು ಹಾಗೇ ಸಾಯಲು ಬಿಟ್ಟಿದ್ದರೆ? ನಿಂತುಹೋದ ನಂಬರನ್ನು ಕಂಪನಿಯವರು ಸ್ವಲ್ಪ ಕಾಲದ ಮೇಲೆ ಬೇರೆಯವರಿಗೆ ಕೊಡುತ್ತಾರೆ. ಕನಿಷ್ಠ 90 ದಿನ ಕೊಡುವಂತಿಲ್ಲ ಎಂದು 2023ರಲ್ಲಿ ಟ್ರಾಯ್ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು, ಆಮೇಲೆ ಕೊಡಬಹುದು. ನಮ್ಮ ಖಾತೆಯ ಮೆಸೇಜುಗಳು ಯಾರೋ ಗುರುತಿಲ್ಲದವರ ಫೋನಿಗೆ ಹೋಗುತ್ತಿದ್ದವು! ಅಜ್ಜ-ಅಜ್ಜಿಯರೇ, ಮನೆಯಲ್ಲಿ ಯಾರದೇ ನಂಬರ್ ಬಿಡುವುದಿದ್ದರೂ ಮೊದಲು ಬ್ಯಾಂಕು, ಆಧಾರ್, ಪಿಂಚಣಿ, ಗ್ಯಾಸ್ ಈ ನಾಲ್ಕನ್ನು ಬೇರೆ ನಂಬರಿಗೆ ಬದಲಾಯಿಸಿ. ಆಮೇಲೆಯೇ ಸಿಮ್ ಬಿಡಿ.

ದಾರಿ ತೋರಿಸಿದವಳು ಪುಟ್ಟಿ. “ಅಜ್ಜಿ, ನಿನಗೆ ಎರಡು ನಂಬರ್ ಯಾಕೆ? ಒಂದು ಸಾಕಲ್ಲ. ಅಜ್ಜನದ್ದನ್ನೇ ನೀನು ಇಟ್ಕೊ.”

ನಾವು ಮೂವರೂ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೂರು ವರ್ಷದಿಂದ ಇದು ಯಾರಿಗೂ ಹೊಳೆದಿರಲಿಲ್ಲ.

ಸಿಮ್ ತೆಗೆದು ನನ್ನ ಫೋನಿಗೆ ಹಾಕಿಕೊಂಡರೆ ಮುಗಿಯುವುದಿಲ್ಲ. ತೀರಿಕೊಂಡವರ ಹೆಸರಿನ ಸಿಮ್ ನಮ್ಮ ಹೆಸರಿಗೆ ಆಗಬೇಕು. ಮರಣ ಪ್ರಮಾಣಪತ್ರ, ನನ್ನ ಆಧಾರ್, ನಾನು ಅವರ ಹೆಂಡತಿ ಎಂದು ತೋರಿಸುವ ಕಾಗದ ಹಿಡಿದು ಮಗನೊಂದಿಗೆ ಕಂಪನಿಯ ಅಂಗಡಿಗೆ ಹೋದೆ. ಒಂದೇ ದಿನಕ್ಕೆ ಆಗಲಿಲ್ಲ, ಎರಡನೆಯ ಸಲ ಆಯಿತು. ನನ್ನ ಹಳೆಯ ನಂಬರಿಗೆ ಜೋಡಿಸಿದ್ದ ಆಧಾರನ್ನು ಆಧಾರ್ ಕೇಂದ್ರದಲ್ಲಿ ಬದಲಾಯಿಸಿ, ಪಿಂಚಣಿಗೆ ಹೊಸ ನಂಬರ್ ಕೊಟ್ಟು, ಆಮೇಲೆ ನನ್ನ ಸಿಮ್ ಬಿಟ್ಟೆ. ಮೊದಲು 84 ದಿನದ ಮಾತಿನ ಪ್ಯಾಕ್ ಹಾಕಿಸಿ ನೋಡಿದೆ. ಎಲ್ಲ ಸರಿ ಎಂದ ಮೇಲೆ, ಕಾಫಿ ಮಾರಿದ ದುಡ್ಡು ಕೈಗೆ ಬಂದಾಗ, 1,849 ಕೊಟ್ಟು ವರ್ಷದ್ದು ಹಾಕಿಸಿದೆ. ನಮ್ಮ ಕಡೆ ವರ್ಷದ ಆದಾಯ ಕಾಫಿ ಕೊಯ್ಲಿನ ಜೊತೆಗೆ ಬರುವುದು. ಉದ್ದದ ಪ್ಯಾಕಿಗೆ ಅದೇ ಒಳ್ಳೆಯ ಕಾಲ. ಬೇರೆ ತಿಂಗಳಲ್ಲಿ ಒಮ್ಮೆಗೇ ಅಷ್ಟು ಕೊಡುವುದು ಕಷ್ಟವಾದರೆ 84 ದಿನದ್ದೇ ಸಾಕು.

ಪುಟ್ಟಿಯ ಲೆಕ್ಕದ ಕೊನೆಯ ಪುಟ

ಈಗ ಹೊಸ ಪಟ್ಟಿ, ವರ್ಷದ ಲೆಕ್ಕ:

ಅಪ್ಪ – 84 ದಿನದ್ದು ನಾಲ್ಕು ಸಲ, 28 ದಿನದ್ದು ಒಂದು ಸಲ – 3,785 ರೂ.
ಅಮ್ಮ – ಮೊದಲಿನಂತೆಯೇ – 3,887 ರೂ.
ಅಣ್ಣ – 199 ಹದಿಮೂರು ಸಲ – 2,587 ರೂ.
ಅಜ್ಜಿ, ಅಜ್ಜನ ನಂಬರಿನಲ್ಲಿ – 1,849 ರೂ.
ಒಟ್ಟು – 12,108 ರೂ.

ಮೊದಲಿದ್ದದ್ದು 19,435. ಉಳಿದದ್ದು 7,327 ರೂಪಾಯಿ. ದಿನಕ್ಕೆ 53 ರೂಪಾಯಿ ಹೋಗುತ್ತಿದ್ದ ಕಡೆ ಈಗ 33 ಹೋಗುತ್ತಿದೆ. ಯಾರೂ ಒಂದು ಮಾತು ಕಡಿಮೆ ಆಡಿಲ್ಲ.

ಮಕ್ಕಳೇ, ಈ ಭಾನುವಾರ ನಿಮ್ಮ ಮನೆಯ ಲೆಕ್ಕವನ್ನು ನೀವೂ ಮಾಡಿ. ಬೇಕಾದದ್ದು ಒಂದು ಹಾಳೆ, ಒಂದು ಪೆನ್ಸಿಲ್.

1. ಮನೆಯ ಪ್ರತಿ ಸಿಮ್‌ಗೂ ಒಂದು ಸಾಲು ಬರೆಯಿರಿ. ಡ್ರಾಯರಿನಲ್ಲಿ ಮಲಗಿರುವ ಸಿಮ್ ಮರೆಯಬೇಡಿ. ಒಬ್ಬರ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂಬುದನ್ನು ಕೇಂದ್ರ ಸರ್ಕಾರದ ‘ಸಂಚಾರ್ ಸಾಥಿ’ಯಲ್ಲಿ ದೊಡ್ಡವರ ಜೊತೆ ಕುಳಿತು ನೋಡಬಹುದು. ಗೊತ್ತಿಲ್ಲದ ನಂಬರ್ ಕಂಡರೆ ಅಲ್ಲಿಯೇ ತಿಳಿಸಬಹುದು.

2. ಯಾರಿಗೆ ಮಾತು ಮಾತ್ರ ಬೇಕು, ಯಾರಿಗೆ ನೆಟ್ ಬೇಕು, ಎಷ್ಟು ಬೇಕು – ಕೇಳಬೇಡಿ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಕೇಳಿದರೆ ಎಲ್ಲರೂ ‘ತುಂಬಾ ಬೇಕು’ ಎನ್ನುತ್ತಾರೆ!

3. ಪ್ಯಾಕಿನ ಬೆಲೆಯನ್ನು ದಿನಗಳಿಂದ ಭಾಗಿಸಿ. 299ನ್ನು 28ರಿಂದ ಭಾಗಿಸಿದರೆ ದಿನಕ್ಕೆ 10 ರೂಪಾಯಿ 68 ಪೈಸೆ. 469ನ್ನು 84ರಿಂದ ಭಾಗಿಸಿದರೆ 5 ರೂಪಾಯಿ 58 ಪೈಸೆ.

4. ಈಗೊಂದು ಚಿಕ್ಕ ಒಗಟು. 1,748 ರೂ. ಪ್ಯಾಕ್ ಅಗ್ಗವೋ, 1,849 ರೂ. ಪ್ಯಾಕ್ ಅಗ್ಗವೋ? ಅವಸರ ಬೇಡ! ಮೊದಲನೆಯದು 336 ದಿನ, ದಿನಕ್ಕೆ 5 ರೂಪಾಯಿ 20 ಪೈಸೆ. ಎರಡನೆಯದು 365 ದಿನ, ದಿನಕ್ಕೆ 5 ರೂಪಾಯಿ 7 ಪೈಸೆ. ದೊಡ್ಡ ಸಂಖ್ಯೆಯೇ ಇಲ್ಲಿ ಅಗ್ಗ. ಅಂಗಡಿಯ ಬೋರ್ಡಿನಲ್ಲಿ ಬೆಲೆ ದೊಡ್ಡದಾಗಿ, ದಿನ ಸಣ್ಣದಾಗಿ ಬರೆದಿರುತ್ತದೆ. ನೀವು ಸಣ್ಣದನ್ನು ಮೊದಲು ಓದಿ.

5. ತಿಂಗಳು ತಿಂಗಳು ಒಂದೇ ತಾರೀಖಿಗೆ ಹಾಕಿಸುವ ಅನುಕೂಲ ಬೇಕೆಂದರೆ, 2022ರ ಟ್ರಾಯ್ ಆದೇಶದ ಪ್ರಕಾರ ಪ್ರತಿ ಕಂಪನಿಯಲ್ಲೂ 30 ದಿನದ ಪ್ಯಾಕೂ, ಪ್ರತಿ ತಿಂಗಳು ಅದೇ ತಾರೀಖಿಗೆ ಬರುವ ಪ್ಯಾಕೂ ಇರಲೇಬೇಕು. ಹೆಸರು ಹಿಡಿದು ಕೇಳಿ.

6. ‘ಉಚಿತ ರೀಚಾರ್ಜ್’ ಎಂದು ಬರುವ ಲಿಂಕನ್ನು ಅಜ್ಜ-ಅಜ್ಜಿ ಒತ್ತದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಅಕಸ್ಮಾತ್ ಒತ್ತಿ ದುಡ್ಡು ಹೋದರೆ ಬೈಯಬೇಡಿ, ತಕ್ಷಣ 1930ಕ್ಕೆ ಕರೆ ಮಾಡಿ.

ಉಳಿದ ದುಡ್ಡು ಏನಾಯಿತು ಎಂದು ಕೇಳುತ್ತೀರಾ? ಅದರಲ್ಲಿ ಒಂದು ಪಾಲು ಪುಟ್ಟಿಯ ಹೊಸ ರೈನ್‌ಕೋಟಿಗೆ, ಶಾಲೆಯ ಶೂಗೆ ಹೋಯಿತು. ಉಳಿದದ್ದು ಅಕ್ಕಿ ಡಬ್ಬಿಯ ಹಿಂದಿನ ಡಬ್ಬಿಯಲ್ಲಿದೆ, ಮುಂದಿನ ವರ್ಷದ ಪ್ಯಾಕಿಗೆ.

ನಂಬರ್ ನನ್ನ ಹೆಸರಿಗಾದ ದಿನ ಮೊದಲ ಕರೆ ಮಾಡಿದ್ದು ಸುಳ್ಯದ ತಂಗಿಗೆ. ಅವಳ ಫೋನಿನಲ್ಲಿ ಆ ನಂಬರಿಗೆ ‘ಮಡಿಕೇರಿ ಭಾವ’ ಎಂದೇ ಹೆಸರಿತ್ತು. ತುಂಬ ಹೊತ್ತು ರಿಂಗ್ ಆಯಿತು. ಎತ್ತಿದಳು, ಆದರೆ ಮಾತಿಲ್ಲ. ನನಗೂ ಆಗ ಹೊಳೆಯಿತು, ಮೊದಲೇ ಹೇಳಿಡಬೇಕಿತ್ತು ಎಂದು.

“ನಾನು ಕಣೆ” ಎಂದೆ.

ಸ್ವಲ್ಪ ಹೊತ್ತಾದ ಮೇಲೆ ಅವಳ ದನಿ ಬಂತು. “ಅಕ್ಕ, ನಾನು ಹೆಸರು ಬದಲಾಯಿಸುವುದಿಲ್ಲ. ಹಾಗೇ ಇರಲಿ.”

ಹಾಗೇ ಇದೆ. ಆಮೇಲೆ ನಾವಿಬ್ಬರೂ ಮುಕ್ಕಾಲು ಗಂಟೆ ಮಾತಾಡಿದೆವು. ಪುಟ್ಟಿ ಪಕ್ಕದಲ್ಲೇ ಕುಳಿತು ಗಡಿಯಾರ ತೋರಿಸಿ ನಗುತ್ತಿದ್ದಳು. ಮಾತು ಅನ್‌ಲಿಮಿಟೆಡ್ ಅಲ್ಲವೇ, ಚೆಲ್ಲದೆ ಪೂರ್ತಿ ಬಳಸಿಕೊಂಡೆವು.